ಒಂದು ಮೇಜು, ಎರಡು ಕುರ್ಚಿ: ಕೋಲಾರ ಜಿಲ್ಲಾಧಿಕಾರಿಗಳಿಗೂ ಕ್ರೈಸ್ತ ಸಭೆಗಳ ಹಿರಿಯರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ನಮ್ಮ ಜಿಲ್ಲೆಯ ಸಭೆಗಳ ಪಾಸ್ಟರ್‌ಗಳೇ, ಹಿರಿಯರೇ,

ನಾನು ಕೆ.ಜಿ.ಎಫ್.ನವಳು. 34 ವರ್ಷ ನರ್ಸ್ ಕೆಲಸ ಮಾಡಿದೆ. ಅದರಲ್ಲಿ ಕೊನೆಯ 16 ವರ್ಷ ನರ್ಸಿಂಗ್ ಹುಡುಗಿಯರಿಗೆ ಪಾಠ ಹೇಳಿದೆ. ನಿವೃತ್ತಿಯಾದ ಮೇಲೆ ಸುಮ್ನೆ ಮನೆಯಲ್ಲಿ ಕೂರೋಣ ಅಂದುಕೊಂಡಿದ್ದೆ. ಆಗಲಿಲ್ಲ. ವಾರಕ್ಕೆ ಇಬ್ಬರಾದರೂ ಹಳೇ ವಿದ್ಯಾರ್ಥಿನಿಯರು ಪ್ಲಾಸ್ಟಿಕ್ ಫೈಲ್ ಹಿಡಿದು ಬಾಗಿಲಿಗೆ ಬರುತ್ತಾರೆ. "ಮೇಡಂ, ಈ ಪೇಪರ್ ಸ್ವಲ್ಪ ಓದಿ ಹೇಳ್ತೀರಾ?"

ಹೋದ ತಿಂಗಳು ಬಂದವಳ ಫೈಲಿನಲ್ಲಿ ಒಂದು ರಸೀದಿ ಇತ್ತು. ರಸೀದಿ ಅಂತ ನಾನು ಅನ್ನುತ್ತಿದ್ದೇನೆ ಅಷ್ಟೆ. ಅದು ರೂಲ್ಡ್ ನೋಟ್‌ಬುಕ್ಕಿನಿಂದ ಹರಿದ ಹಾಳೆ. ಒಂದು ಅಂಚಿನಲ್ಲಿ ಇನ್ನೂ ಪಿನ್ನಿನ ತೂತು ಇತ್ತು. ಅದರ ಮೇಲೆ ಬಾಲ್‌ಪೆನ್ನಿನಲ್ಲಿ "2,20,000 ಸಂದಿದೆ, ಟ್ರೈನಿಂಗ್ ಮತ್ತು ಸರ್ವಿಸ್" ಅಂತ ಬರೆದು, ಕೆಳಗೆ ಒಂದು ಗೀಚು. ಸೀಲು ಇಲ್ಲ, ವಿಳಾಸ ಇಲ್ಲ, ನೋಂದಣಿ ಸಂಖ್ಯೆಯಂತೂ ಇಲ್ಲವೇ ಇಲ್ಲ. ದುಡ್ಡು ಎಲ್ಲಿಂದ ತಂದೆ ಅಂತ ಕೇಳಿದೆ. ತಾಯಿಯ ಸರ, ಅಕ್ಕನ ಎರಡು ಬಳೆ ಗಿರವಿ ಇಟ್ಟು. ಉಳಿದದ್ದು ಸಂಘದ ಸಾಲ.

"ಯಾರು ಹೇಳಿದ್ರು ಈ ಏಜೆಂಟ್ ಬಗ್ಗೆ?" ಅಂದೆ.

"ನಮ್ಮ ಚರ್ಚಿಗೇ ಬಂದಿದ್ರು ಮೇಡಂ. ಆರಾಧನೆ ಮುಗಿದ ಮೇಲೆ ಮೈಕಿನಲ್ಲಿ ಹೇಳಿದ್ರು."

ಈ ಪತ್ರ ಬರೆಯಲು ಕಾರಣ ಆ ಮಾತು. ಚರ್ಚಿನ ಹೆಸರು ನಾನು ಬರೆಯುವುದಿಲ್ಲ. ಬರೆದರೆ ಗಲಾಟೆ ಆ ಹೆಸರಿನ ಸುತ್ತಲೇ ಆಗುತ್ತೆ, ಹುಡುಗಿಯ ದುಡ್ಡು ಅಲ್ಲೇ ಮರೆತುಹೋಗುತ್ತೆ. ಅದೂ ಅಲ್ಲದೆ ಇದು ಒಂದು ಚರ್ಚಿನ ಕಥೆ ಅಲ್ಲ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ನರ್ಸುಗಳು ವಿದೇಶಕ್ಕೆ ಹೋಗುವ ವಿಷಯಕ್ಕೆ ಮಿಷನರಿಗಳನ್ನು ಯಾಕೆ ತರ್ತೀರಿ ಅಂತ ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಬಹುದು. ತರದೆ ಆಗಲ್ಲ. ಈ ದಾರಿ ಕಡಿದವರೇ ಅವರು. ಆಗ ಜನ ಆ ಕಡೆಯಿಂದ ಈ ಕಡೆಗೆ ಬರುತ್ತಿದ್ದರು, ಅಷ್ಟೇ ವ್ಯತ್ಯಾಸ.

ನಮ್ಮ ಕಡೆ ಹಳೆಯ ಮುದುಕಿಯರು "ಧಾತು ಬರ" ಅನ್ನುತ್ತಿದ್ದರು. ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 78ರವರೆಗೆ ಬಿದ್ದ ಬರ. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯ ಹೊತ್ತಿಗೆ 50 ಲಕ್ಷಕ್ಕೂ ಜಾಸ್ತಿ ಜನ ಇದ್ದರು. 1881ರಲ್ಲಿ ಎಣಿಸಿದಾಗ 42 ಲಕ್ಷದ ಆಸುಪಾಸು. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕಿತ್ತು, ಎಂಟು ಲಕ್ಷಕ್ಕೂ ಮಿಕ್ಕಿ ಕಡಿಮೆಯಾಗಿತ್ತು. ಆ ಬರದಲ್ಲಿ ಕೋಲಾರದಲ್ಲಿ ಅಪ್ಪ ಅಮ್ಮ ಇಲ್ಲದೆ ಉಳಿದ ಮಕ್ಕಳನ್ನು ಸಾಕಿದವರಲ್ಲಿ ಇಂಗ್ಲೆಂಡಿನಿಂದ ಬಂದಿದ್ದ ಮಿಸ್ ಆನ್ಸ್ಟಿ ಒಬ್ಬರು. ಮೊದಲು ಲಂಡನ್ ಮಿಷನ್ ಜೊತೆಗಿದ್ದ ಆಕೆ ಆಮೇಲೆ ಕೋಲಾರದಲ್ಲಿ ತಮ್ಮದೇ ಮಿಷನ್ ನಡೆಸಿದರು. 1890ರ ಹೊತ್ತಿಗೆ ಅದನ್ನು ಅಮೆರಿಕದ ಮೆಥೋಡಿಸ್ಟ್ ಮಿಷನ್ನಿಗೆ ಒಪ್ಪಿಸಿದರು. ಗಂಜಿಯ ಜೊತೆ ಪ್ರಾರ್ಥನೆಯನ್ನೂ ಕೊಟ್ಟರಾ? ಕೊಟ್ಟರು. ಅದನ್ನು ನಾನೇಕೆ ಮುಚ್ಚಿಡಲಿ. ಆದರೆ ಆ ಹೊತ್ತಿನಲ್ಲಿ ಗಂಜಿಯನ್ನೇ ಕೊಡದವರು ಪ್ರಾರ್ಥನೆಯ ಲೆಕ್ಕ ಕೇಳಿದರೆ ನನಗೆ ಸ್ವಲ್ಪ ಸಿಟ್ಟು ಬರುತ್ತೆ.

ಆ ಮೆಥೋಡಿಸ್ಟರೇ 1910ರ ಸುಮಾರಿಗೆ ಕೋಲಾರದಲ್ಲಿ ಎಲೆನ್ ಥೋಬರ್ನ್ ಕೋವನ್ ಹೆಸರಿನ ಆಸ್ಪತ್ರೆ ಕಟ್ಟಿದರು. ಆ ಉದ್ದ ಹೆಸರನ್ನು ನಮ್ಮ ಜನ ಯಾವತ್ತೂ ಹೇಳಲಿಲ್ಲ. ಈಗಲೂ ಆಟೋದವನಿಗೆ "ಮಿಷನ್ ಆಸ್ಪತ್ರೆ" ಅಂದರೆ ಸಾಕು. ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ ಆಸ್ಪತ್ರೆ ತೆರೆಯಿತು, ಇವತ್ತಿನ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಆಸ್ಪತ್ರೆ ಅದೇ. ತುಮಕೂರು ಕಡೆ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ 1830ರ ದಶಕದಲ್ಲೇ ಕಾಲಿಟ್ಟಿತ್ತು. ಆಗ ವಿಲಿಯಂ ಆರ್ಥರ್ ಅನ್ನುವ ಇಪ್ಪತ್ತರ ಹುಡುಗ ಹಡಗು ಹತ್ತಿ ಅಲ್ಲಿಗೆ ಬಂದಿದ್ದ. ಎರಡು ವರ್ಷದಲ್ಲಿ ಆರೋಗ್ಯ ಕೆಟ್ಟು ವಾಪಸ್ ಹೋದ. ಬಿಸಿಲು, ಧೂಳು, ಒಂಟಿತನ. ಗಲ್ಫಿನಿಂದ ವಾಪಸ್ ಬಂದ ನಮ್ಮ ಹುಡುಗಿಯರು ಹೇಳುವುದೂ ಇದನ್ನೇ.

ಆಸ್ಪತ್ರೆ ಕಟ್ಟಿದ ಮೇಲೆ ನರ್ಸುಗಳು ಬೇಕಲ್ವಾ? ಮೇಲುಜಾತಿಯ ಮನೆಗಳವರು ಹೆಣ್ಣುಮಕ್ಕಳನ್ನು ಕಳಿಸಲಿಲ್ಲ. ಗೊತ್ತಿಲ್ಲದ ಗಂಡಸಿನ ಮೈ ಮುಟ್ಟುವುದು, ರಾತ್ರಿ ಪಾಳಿ, ಮಲಮೂತ್ರ ಎತ್ತುವುದು. ಕ್ರೈಸ್ತರಾದ ಹೊಲೆಯ ಮಾದಿಗರ ಮನೆಯ ಹುಡುಗಿಯರು, ಅನಾಥಾಲಯದಲ್ಲಿ ಬೆಳೆದವರು, ಆಂಗ್ಲೋ ಇಂಡಿಯನ್ ಹುಡುಗಿಯರು ಬಂದರು. ಬಿಳಿ ಟೋಪಿ ಇಟ್ಟುಕೊಂಡರು. ಬೇರೆ ಯಾರಿಗೂ ಬೇಡದ ಕೆಲಸವನ್ನು ಕಲಿತರು. ಸ್ವಾತಂತ್ರ್ಯದ ಹೊತ್ತಿಗೆ ಈ ದೇಶದ ನರ್ಸುಗಳಲ್ಲಿ ಬಹುಪಾಲು ಕ್ರೈಸ್ತರೇ ಇದ್ದದ್ದು ಅದಕ್ಕೇ. ಆಮೇಲೆ ಹೊರದೇಶದ ಆಸ್ಪತ್ರೆಗಳು ಕೈ ಬೀಸಿ ಕರೆದವು. ಯಾವುದನ್ನು ಹೊಲಸು ಅಂದಿದ್ದರೋ ಅದಕ್ಕೇ ವೀಸಾ ಸಿಗತೊಡಗಿತು. 1960ರ ದಶಕದಲ್ಲಿ ಕೇರಳದ ಕ್ಯಾಥೊಲಿಕ್ ಹುಡುಗಿಯರನ್ನು ಚರ್ಚುಗಳೇ ಜರ್ಮನಿಯ ಆಸ್ಪತ್ರೆಗಳಿಗೆ ಕಳಿಸಿಕೊಟ್ಟವು. ಅಲ್ಲಿ ಹೋದವರು ತಂಗಿಯನ್ನು ಕರೆಸಿಕೊಂಡರು, ತಂಗಿ ನಾದಿನಿಯನ್ನು.

ನಮ್ಮ ಪಕ್ಕದ ವೆಲ್ಲೂರಿನ ಕಥೆ ಇನ್ನೂ ಚೆನ್ನಾಗಿದೆ. ಕೆ.ಜಿ.ಎಫ್.ನಲ್ಲಿ ದೊಡ್ಡ ಕಾಯಿಲೆ ಬಂದರೆ ನಾವು ಬೆಂಗಳೂರಿಗಿಂತ ಮೊದಲು ನೆನೆಯುವುದು ವೆಲ್ಲೂರನ್ನ. ಅಲ್ಲಿ ಆಸ್ಪತ್ರೆ ಕಟ್ಟಿದ ಐಡಾ ಸ್ಕಡರ್ ಅಮೆರಿಕದ ರಿಫಾರ್ಮ್ಡ್ ಚರ್ಚಿನವರು. 1909ರಲ್ಲೇ ನರ್ಸುಗಳ ತರಬೇತಿ ಶುರು ಮಾಡಿದರು. ಅದೇ ಚರ್ಚಿನ ಇನ್ನೊಂದು ಕವಲು ಅರಬ್ ದೇಶಗಳಿಗೆ ಹೋಗಿತ್ತು. ಬಹರೇನಿನಲ್ಲಿ 1903ರಲ್ಲಿ ಅವರ ಆಸ್ಪತ್ರೆ ತೆರೆಯಿತು, ಇವತ್ತಿಗೂ ನಡೆಯುತ್ತಿದೆ. ಕುವೈತಿನಲ್ಲೂ ಒಂದು ಕಟ್ಟಿದರು. ಅದೇ ಸ್ಕಡರ್ ಮನೆತನದ ಡಾಕ್ಟರ್ ಒಬ್ಬರು ಅಲ್ಲಿ ಬಹಳ ವರ್ಷ ಕೆಲಸ ಮಾಡಿದರು. ತೈಲ ಚಿಮ್ಮುವ ಮೊದಲೇ, ಒಂದೇ ಚರ್ಚಿನ ಜನ ವೆಲ್ಲೂರಿನಲ್ಲೂ ಕುವೈತಿನಲ್ಲೂ ಸ್ಟೆತಾಸ್ಕೋಪ್ ಹಿಡಿದು ಕೂತಿದ್ದರು. ಇವತ್ತು ನಮ್ಮ ಆಂಡರ್‌ಸನ್‌ಪೇಟೆಯ ಹುಡುಗಿ ಕುವೈತಿನ ವಾರ್ಡಿನಲ್ಲಿ ಡ್ರಿಪ್ ಹಾಕುತ್ತಾಳೆ. ಶುಕ್ರವಾರ ಆ ಹಳೇ ಮಿಷನ್ನಿನಿಂದ ಬೆಳೆದ ಚರ್ಚಿನ ಆವರಣಕ್ಕೆ ಹೋಗುತ್ತಾಳೆ. ಅಲ್ಲಿ ಹತ್ತಾರು ಭಾಷೆಯ ಸಭೆಗಳು ಸರದಿಯ ಮೇಲೆ ಸೇರುತ್ತವೆ.

ಕೆ.ಜಿ.ಎಫ್. ಊರೇ ವಲಸೆಯಿಂದ ಹುಟ್ಟಿದ್ದು. 1880ರಿಂದ ಜಾನ್ ಟೇಲರ್ ಕಂಪನಿ ಗಣಿ ನಡೆಸಿದಾಗ ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಗಣಿಗಾರರು ಬಂದರು, ಅವರ ಜೊತೆ ಅವರ ಮೆಥೋಡಿಸ್ಟ್ ಹಾಡುಗಳೂ ಬಂದವು. ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ನಮ್ಮಂಥವರ ತಾತಂದಿರು ಬಂದರು. ಗಣಿ 1956ರಲ್ಲಿ ಸರ್ಕಾರದ ಕೈಗೆ ಬರುವ ಹೊತ್ತಿಗೆ ಬಿಳಿಯರು ಹೊರಟಿದ್ದರು. ಆಂಗ್ಲೋ ಇಂಡಿಯನ್ನರು ಆಸ್ಟ್ರೇಲಿಯಾಕ್ಕೆ, ಕೆನಡಾಕ್ಕೆ ಹೋದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಉಳಿದದ್ದು ಚಿನ್ನ ತೆಗೆದು ಬಿಸಾಡಿದ ಮಣ್ಣಿನ ಸೈನೈಡ್ ದಿಬ್ಬ, ಮಾರಿಕುಪ್ಪಂನಿಂದ ಬೆಳಗ್ಗೆ ಬೆಂಗಳೂರಿಗೆ ಹೊರಡುವ ರೈಲು, ಆಮೇಲೆ ನರ್ಸಿಂಗ್ ಸೀಟು. ಗಣಿ ಮನೆಯ ಹೆಣ್ಣುಮಕ್ಕಳಿಗೆ ಚಿನ್ನ ಸಿಗುವುದು ಈಗ ಭೂಮಿಯ ಕೆಳಗಲ್ಲ, ಬ್ಲಡ್ ಪ್ರೆಶರ್ ನೋಡುವ ಕೈಯಲ್ಲಿ.

ಈಗ ನನ್ನ ಮಾತಿಗೆ ಬರುತ್ತೇನೆ. ಈ ಕಡೆಗೆ ಬಂದ ಮಿಷನರಿಯ ಬೆನ್ನ ಹಿಂದೆ ಯಾರೋ ಇರುತ್ತಿದ್ದರು. ಬೋರ್ಡು ಇತ್ತು, ಸಂಬಳ ಇತ್ತು. ಏಳೆಂಟು ವರ್ಷಕ್ಕೊಮ್ಮೆ ಊರಿಗೆ ಹೋಗಲು ರಜೆ ಇತ್ತು. ವರ್ಷಕ್ಕೊಮ್ಮೆ ಅವರು ವರದಿ ಕಳಿಸಬೇಕಿತ್ತು, ಆ ಕಡೆಯವರು ಓದುತ್ತಿದ್ದರು. ಸತ್ತರೆ ಯಾವ ಊರಲ್ಲಿ ಹೂತರು ಅನ್ನುವುದು ಕೂಡ ದಾಖಲಾಗುತ್ತಿತ್ತು. ಗಲ್ಲಿಗಲ್ಲಿಯಲ್ಲಿ ಗೋರಿಕಲ್ಲು ಹುಡುಕಿಕೊಂಡು ಈಗಲೂ ಅವರ ಮೊಮ್ಮಕ್ಕಳು ಬರುತ್ತಾರೆ ನೋಡಿ, ಆ ದಾಖಲೆಯಿಂದಲೇ. ಈ ಕಡೆಯಿಂದ ಹೋಗುವ ನನ್ನ ವಿದ್ಯಾರ್ಥಿನಿಯ ಬೆನ್ನ ಹಿಂದೆ ಏನಿದೆ? ನೋಟ್‌ಬುಕ್ಕಿನ ಹರಿದ ಹಾಳೆ.

ಕಾನೂನು ಇಲ್ಲ ಅಂತಲ್ಲ. 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದ ಏಜೆಂಟ್ ಯಾರನ್ನೂ ವಿದೇಶದ ಕೆಲಸಕ್ಕೆ ಸೇರಿಸಿಕೊಳ್ಳುವ ಹಾಗಿಲ್ಲ. ನೋಂದಣಿ ಇದ್ದವನೂ ಹುಡುಗಿಯಿಂದ 30,000 ರೂಪಾಯಿಗಿಂತ ಜಾಸ್ತಿ ಸೇವಾ ಶುಲ್ಕ ತಗೊಳ್ಳುವಂತಿಲ್ಲ. ಅದಕ್ಕೆ ಶೇ. 18 ಜಿ.ಎಸ್.ಟಿ. ಸೇರಿಸಿದರೆ 35,400. ಇವಳು ಕೊಟ್ಟದ್ದು ಅದರ ಆರು ಪಟ್ಟು. 2015ರಲ್ಲಿ ಕೊಚ್ಚಿಯಲ್ಲಿ ಸಿ.ಬಿ.ಐ. ಹಿಡಿದ ಪ್ರಕರಣ ನಿಮಗೆ ನೆನಪಿರಬಹುದು. ಕುವೈತಿಗೆ ನರ್ಸುಗಳನ್ನು ಕಳಿಸಲು 19,500 ತಗೊಳ್ಳಬೇಕಾದ ಕಡೆ ತಲೆಗೆ 19.5 ಲಕ್ಷ ತಗೊಂಡ ಆರೋಪ ಅದು. ಅದೇ ವರ್ಷ ನರ್ಸುಗಳನ್ನೂ ಇ-ಮೈಗ್ರೇಟ್ ಒಳಗೆ, ಅಂದರೆ ವಿದೇಶದ ಕೆಲಸಕ್ಕೆ ಹೋಗುವವರಿಗೆ ಕೇಂದ್ರ ಸರ್ಕಾರ ಮಾಡಿದ ಆನ್‌ಲೈನ್ ವ್ಯವಸ್ಥೆಯೊಳಗೆ ತಂದರು. ಸೌದಿ, ಕುವೈತ್, ಎಮಿರೇಟ್ಸ್ ಸೇರಿ 18 ದೇಶಗಳಿಗೆ ಸರ್ಕಾರಿ ಸಂಸ್ಥೆಗಳ ಮೂಲಕ ಕಳಿಸುವ ನಿಯಮ ಬಂತು. ಕೇರಳದಲ್ಲಿ ಅದಕ್ಕೆ ನೋರ್ಕಾ ಇದೆ, ಒಡೆಪೆಕ್ ಇದೆ. ನಮ್ಮಲ್ಲೂ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ. ಇರುವುದು ಬೆಂಗಳೂರಿನಲ್ಲಿ. ನನ್ನ ಮನೆಗೆ ಬಂದ ಹುಡುಗಿಯರಲ್ಲಿ ಒಬ್ಬಳಿಗೂ ಅದರ ಹೆಸರು ಗೊತ್ತಿರಲಿಲ್ಲ. ಏಜೆಂಟಿನ ವಾಟ್ಸ್ಆ್ಯಪ್ ನಂಬರು ಮಾತ್ರ ಎಲ್ಲರ ಹತ್ತಿರವೂ ಇತ್ತು.

ನಿಯಮ ಬಿಗಿಯಾದಷ್ಟೂ ಏಜೆಂಟರು ಕಿಟಕಿ ಹುಡುಕುತ್ತಾರೆ. ಈಗಿನ ಕಿಟಕಿ ವಿಸಿಟ್ ವೀಸಾ. "ಮೊದಲು ದುಬೈಗೆ ಹೋಗು, ಅಲ್ಲಿ ಕೆಲಸದ ವೀಸಾ ಮಾಡಿಸ್ತೀವಿ." ನನ್ನ ಇನ್ನೊಬ್ಬ ವಿದ್ಯಾರ್ಥಿನಿ ಹಾಗೆ ಹೋದಳು. ಆಸ್ಪತ್ರೆ ಅಂದಿದ್ದರು, ಸಿಕ್ಕಿದ್ದು ಒಂದು ದೊಡ್ಡ ಮನೆ. ಅಲ್ಲಿ ಹಾಸಿಗೆ ಹಿಡಿದ ಅಜ್ಜಿಯೊಬ್ಬರನ್ನು ನೋಡಿಕೊಳ್ಳಬೇಕು, ಜೊತೆಗೆ ಮೂರು ಮಕ್ಕಳ ಬಟ್ಟೆ ಇಸ್ತ್ರಿ. ಪಾಸ್‌ಪೋರ್ಟ್ ಮನೆಯೊಡೆಯರ ಬೀರುವಿನಲ್ಲಿ. ಬಿ.ಎಸ್ಸಿ. ನರ್ಸಿಂಗ್ ಓದಿದ ಹುಡುಗಿ ಅವಳು, ಐ.ಸಿ.ಯು.ನಲ್ಲಿ ಎರಡು ವರ್ಷ ಕೆಲಸ ಮಾಡಿದವಳು. ನಾಲ್ಕು ತಿಂಗಳಾದ ಮೇಲೆ ಹೇಗೆ ವಾಪಸ್ ಬಂದಳು ಗೊತ್ತೇ? ಅಲ್ಲಿನ ಒಂದು ಚರ್ಚಿನ ಆವರಣದಲ್ಲಿ ಕನ್ನಡದಲ್ಲಿ ಪ್ರಾರ್ಥನೆ ಮಾಡುವ ಒಂದು ಚಿಕ್ಕ ಗುಂಪು ಸಿಕ್ಕಿತು. ಮಂಗಳೂರಿನವರು ಕೆಲವರು, ಒಬ್ಬ ಲಾರಿ ಡ್ರೈವರ್, ಇಬ್ಬರು ನರ್ಸುಗಳು. ಅವರೇ ಮನೆಯೊಡೆಯರ ಹತ್ತಿರ ಮಾತಾಡಿ, ದೂತಾವಾಸಕ್ಕೆ ಕರೆದುಕೊಂಡು ಹೋಗಿ, ಕಾಣಿಕೆ ತಟ್ಟೆಯ ದುಡ್ಡಿನಲ್ಲಿ ಟಿಕೆಟ್ ತೆಗೆಸಿದರು. ಅವಳು ವಾಪಸ್ ತಂದ ಬ್ಯಾಗಿನಲ್ಲಿ ಎರಡು ಜೊತೆ ಯೂನಿಫಾರ್ಮ್ ಇತ್ತು, ಇಲ್ಲಿಂದ ಹೊಲಿಸಿಕೊಂಡು ಹೋದದ್ದು. ಮಡಿಕೆ ಬಿಚ್ಚಿರಲಿಲ್ಲ.

ಹಾಗಾಗಿ ಚರ್ಚನ್ನು ಬೈಯುವುದು ನನ್ನ ಉದ್ದೇಶ ಅಲ್ಲ. ಇಲ್ಲಿ ಮೈಕ್ ಕೊಟ್ಟದ್ದೂ ಚರ್ಚು, ಅಲ್ಲಿ ಟಿಕೆಟ್ ಕೊಟ್ಟದ್ದೂ ಚರ್ಚು. ಎರಡನ್ನೂ ನಾನು ನೋಡಿದ್ದೇನೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾರೋ ಹೇಳೇ ಹೇಳುತ್ತಾರೆ. "ಮತಾಂತರ ಆದ್ರೆ ಫಾರಿನ್ ಗ್ಯಾರಂಟಿ" ಅಂತ ನಮ್ಮ ಬಂಗಾರಪೇಟೆ ಬಸ್‌ಸ್ಟ್ಯಾಂಡಿನಲ್ಲೂ ಕೇಳಿದ್ದೇನೆ. ಅಯ್ಯೋ, ಅಷ್ಟು ಸುಲಭ ಆಗಿದ್ದರೆ ನಾನು ಹುಟ್ಟಾ ಕ್ರೈಸ್ತಳು, ನನ್ನ ಪಾಸ್‌ಪೋರ್ಟಿನಲ್ಲಿ ಒಂದು ಮೊಹರೂ ಇಲ್ಲ! ಬ್ರಿಟನ್ನಿನ ನರ್ಸಿಂಗ್ ಮಂಡಳಿ ದೀಕ್ಷಾಸ್ನಾನದ ಸರ್ಟಿಫಿಕೇಟ್ ಕೇಳುವುದಿಲ್ಲ. ಐ.ಇ.ಎಲ್.ಟಿ.ಎಸ್. ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಕೇಳು, ಮಾತು ಮೂರಕ್ಕೂ 7, ಬರವಣಿಗೆಗೆ 6.5 ಕೇಳುತ್ತದೆ. ಗಲ್ಫ್ ಕೇಳುವುದು ಪ್ರೊಮೆಟ್ರಿಕ್ ಅನ್ನುವ ಕಂಪ್ಯೂಟರ್ ಪರೀಕ್ಷೆ, ಸರ್ಟಿಫಿಕೇಟ್ ನಿಜವೇ ಅಂತ ನೋಡುವ ಡೇಟಾಫ್ಲೋ ಪರಿಶೀಲನೆ. ಜರ್ಮನಿ ಕೇಳುವುದು ಜರ್ಮನ್ ಭಾಷೆ. ಸೌದಿಗೆ ಹೋದ ನಮ್ಮ ಹುಡುಗಿಯರಿಗಂತೂ ಅಲ್ಲಿ ಬಹಿರಂಗವಾಗಿ ಚರ್ಚೇ ಇಲ್ಲ. ಹಾಸ್ಟೆಲ್ ಕೋಣೆಯಲ್ಲಿ ಪರದೆ ಎಳೆದು, ದನಿ ತಗ್ಗಿಸಿ ಕೀರ್ತನೆ ಹಾಡುತ್ತಾರೆ. ಈಗ ನನ್ನ ಬಾಗಿಲಿಗೆ ಬರುವವರಲ್ಲಿ ಒಕ್ಕಲಿಗರ ಹುಡುಗಿಯರಿದ್ದಾರೆ, ಮುಸ್ಲಿಂ ಹುಡುಗಿಯರಿದ್ದಾರೆ, ಮುಳಬಾಗಿಲಿನಿಂದ ಒಬ್ಬ ಹುಡುಗನೂ ಬಂದಿದ್ದ. ಹಿಂದೆ ಬೇಡವಾಗಿದ್ದ ಕೆಲಸ ಈಗ ಎಲ್ಲರಿಗೂ ಬೇಕು. ಏಜೆಂಟನೂ ಜಾತಿ ನೋಡುವುದಿಲ್ಲ ಬಿಡಿ, ದೇವಸ್ಥಾನದ ಅನ್ನದಾನದ ಸಾಲಿನಲ್ಲೂ ಅವನ ಪಾಂಪ್ಲೆಟ್ ಹಂಚಿದ್ದನ್ನು ಕಂಡಿದ್ದೇನೆ.

ಪಾಸ್ಟರ್‌ಗಳೇ, ಹಿರಿಯರೇ, ನಿಮಗೆ ಮೊದಲು. ನಿಮ್ಮ ಪ್ರಾರ್ಥನಾ ವಿನಂತಿಯ ಡಬ್ಬಿಯನ್ನು ಒಮ್ಮೆ ತೆರೆದು ನೋಡಿ. ನಮ್ಮ ಸಭೆಯ ಡಬ್ಬಿಯ ಚೀಟಿಗಳನ್ನು ವಿಂಗಡಿಸುವ ಕೆಲಸ ನನಗೆ ಎರಡು ವರ್ಷ ಇತ್ತು. ಕಾಯಿಲೆ, ಮದುವೆ, ಕುಡಿತ ಬಿಟ್ಟರೆ ಜಾಸ್ತಿ ಇರುತ್ತಿದ್ದದ್ದು "ವೀಸಾ". ಒಂದು ಚೀಟಿಯಲ್ಲಿ ಬರೀ ಪಾಸ್‌ಪೋರ್ಟ್ ನಂಬರ್ ಬರೆದಿದ್ದರು, ದೇವರಿಗೆ ಗೊತ್ತಾಗಲಿ ಅಂತ. ಇಷ್ಟು ಆಸೆ ಇರುವ ಕಡೆ ಮೈಕ್ ಕೊಡುವ ಮುನ್ನ ಒಂದು ಪ್ರಶ್ನೆ ಕೇಳಿ: ನಿನ್ನ ನೋಂದಣಿ ಸಂಖ್ಯೆ ಏನಪ್ಪಾ? ಇ-ಮೈಗ್ರೇಟ್ ಜಾಲತಾಣದಲ್ಲಿ ಅದನ್ನು ಮೊಬೈಲಿನಲ್ಲೇ ನೋಡಬಹುದು, ಎರಡು ನಿಮಿಷದ ಕೆಲಸ. ಅವನು ಕೊಟ್ಟ ಕಾಣಿಕೆಯ ಮೊತ್ತ ನೋಡಿ ಮರುಳಾಗಬೇಡಿ. ಆಮೇಲೆ ಒಂದು ಪುಸ್ತಕ ಇಡಿ. ದೀಕ್ಷಾಸ್ನಾನ, ಮದುವೆ, ಸಾವು ಮೂರಕ್ಕೂ ನೂರು ವರ್ಷದಿಂದ ರಿಜಿಸ್ಟರ್ ಇಟ್ಟಿದ್ದೀರಿ. ಊರು ಬಿಟ್ಟು ಹೋದವರಿಗೂ ಒಂದು ಇರಲಿ: ಯಾರು, ಯಾವ ದೇಶ, ಯಾವ ಆಸ್ಪತ್ರೆ, ಯಾರ ಮೂಲಕ, ಮನೆಯಲ್ಲಿ ಯಾರಿಗೆ ಫೋನ್ ಮಾಡಬೇಕು. ಮಿಷನ್ ಬೋರ್ಡುಗಳು ತಮ್ಮವರಿಗೆ ಮಾಡಿದ್ದನ್ನೇ ನಾವು ನಮ್ಮವರಿಗೆ ಮಾಡೋಣ. ನಮ್ಮ ಸಭೆಯವರಲ್ಲದ ಹುಡುಗಿಯ ಹೆಸರನ್ನೂ ಬರೆದುಕೊಳ್ಳಿ, ಪೆನ್ನಿನ ಶಾಯಿ ಖಾಲಿಯಾಗಲ್ಲ.

ಜಿಲ್ಲಾಧಿಕಾರಿಗಳೇ, ನಿಮ್ಮ ಹತ್ತಿರ ದೊಡ್ಡ ಯೋಜನೆ ಕೇಳುತ್ತಿಲ್ಲ. ಕೋಲಾರದಲ್ಲಿ ಒಂದು ಮೇಜು, ಎರಡು ಕುರ್ಚಿ ಬೇಕು. ಕೆ.ಜಿ.ಎಫ್.ನಲ್ಲಿ ವಾರಕ್ಕೆ ಒಂದು ದಿನ ಆದರೂ ಸಾಕು. ಆ ಮೇಜಿನ ಹಿಂದೆ ಕೆಲಸದ ಕರಾರು ಓದಿ, ಕನ್ನಡದಲ್ಲಿ, ಬೇಕಾದರೆ ತೆಲುಗು ತಮಿಳಿನಲ್ಲಿ, ಅರ್ಥ ಹೇಳುವ ಒಬ್ಬರು ಇರಲಿ. ಇದು ವಿಸಿಟ್ ವೀಸಾ, ಇದರಲ್ಲಿ ಕೆಲಸ ಮಾಡಿದರೆ ಕಾನೂನು ನಿನ್ನ ಪರ ಇರಲ್ಲ ಅಂತ ಹೇಳಲಿ. ಪ್ರವಾಸಿ ಭಾರತೀಯ ಬಿಮಾ ಯೋಜನೆ ಅಂತ ಇದೆ. ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ ಅಪಘಾತದಲ್ಲಿ ಸತ್ತರೆ ಮನೆಯವರಿಗೆ 10 ಲಕ್ಷ. 2,20,000 ಕೊಟ್ಟ ಹುಡುಗಿಗೆ ಈ 275ರ ಬಗ್ಗೆ ಯಾರೂ ಹೇಳಿರಲಿಲ್ಲ. ಬ್ರಿಟನ್ನಿನಲ್ಲಿ ಹೊರಗಿನಿಂದ ಕೇರ್ ವರ್ಕರ್‌ಗಳನ್ನು ಕರೆಸುವ ದಾರಿ 2025ರ ಜುಲೈನಲ್ಲಿ ಮುಚ್ಚಿತು. ಆಮೇಲೂ ನಮ್ಮೂರಲ್ಲಿ ಅದೇ ವೀಸಾಕ್ಕೆ ಮುಂಗಡ ತಗೊಂಡದ್ದು ನನಗೆ ಗೊತ್ತು. ಇಂಥದ್ದನ್ನು ಹೇಳಲು ದೊಡ್ಡ ಕಟ್ಟಡ ಬೇಡ, ಗೋಡೆಗೆ ಅಂಟಿಸಿದ ಒಂದು ಹಾಳೆ ಸಾಕು. ಜೊತೆಗೆ ಪೊಲೀಸ್ ಠಾಣೆಗಳಿಗೆ ಒಂದು ಮಾತು ತಿಳಿಸಿ. ದೂರು ಕೊಡಲು ಹೋದ ಹುಡುಗಿಗೆ "ನೀನೇ ಅಲ್ವಾ ದುಡ್ಡು ಕೊಟ್ಟಿದ್ದು?" ಅಂತ ಕೇಳುವುದು ಬೇಡ.

ಇದರಲ್ಲಿ ಯಾವುದೂ ಹೋಗುವವರನ್ನು ತಡೆಯಲು ಅಲ್ಲ. ಹೋಗಲಿ. ನನ್ನ ಕೈಕೆಳಗೆ ಕಲಿತವರು ಇವತ್ತು ಲೀಡ್ಸಿನಲ್ಲಿ, ಪರ್ತಿನಲ್ಲಿ ಇದ್ದಾರೆ. ಅಲ್ಲಿನ ಹಳೇ ಚರ್ಚುಗಳಲ್ಲಿ ಬೆಂಚು ತುಂಬುವುದು ಈಗ ಇವರಿಂದಲೇ ಅಂತ ಫೋಟೋ ಕಳಿಸುತ್ತಾರೆ. ಒಬ್ಬಳು ಬರೆದಿದ್ದಳು, "ಮೇಡಂ, ಇಲ್ಲಿ ಭಾನುವಾರ ಬರೋದು ಎಂಟು ಜನ ಅಜ್ಜಿಯರು, ಮಿಕ್ಕಿದ್ದೆಲ್ಲ ನೈಜೀರಿಯಾ, ಕೇರಳ, ನಾನು." ನೂರೈವತ್ತು ವರ್ಷದ ಹಿಂದೆ ಅವರೂರಿನ ಅಜ್ಜಿಯರು ಕಾಸಿಗೆ ಕಾಸು ಕೂಡಿಸಿ ಕೋಲಾರಕ್ಕೆ ಕಳಿಸುತ್ತಿದ್ದರು. ಈಗ ಕೋಲಾರದವಳು ಅವರ ಮಾತ್ರೆಯ ಡಬ್ಬಿ ತುಂಬಿಸಿಕೊಡುತ್ತಾಳೆ.

ಮೊದಲು ಹೇಳಿದ ಹುಡುಗಿ ಇನ್ನೂ ಹೋಗಿಲ್ಲ. ಏಜೆಂಟ್ ಫೋನ್ ಎತ್ತುತ್ತಿಲ್ಲ. ಅವಳ ಫೈಲೂ ಸೇರಿ ನನ್ನ ಬೀರುವಿನಲ್ಲಿ 11 ಹುಡುಗಿಯರ ಪೇಪರುಗಳ ಜೆರಾಕ್ಸ್ ಇದೆ. ಅವರ ಒಪ್ಪಿಗೆ ತಗೊಂಡಿದ್ದೇನೆ. ನೀವು ಯಾವ ದಿನ ಹೇಳಿದರೆ ಆ ದಿನ ಬೆಳಗಿನ ಬಸ್ಸಿಗೆ ಕೋಲಾರಕ್ಕೆ ತರುತ್ತೇನೆ. ಬೇರೆ ಸಿಬ್ಬಂದಿ ಸಿಗುವವರೆಗೆ ಆ ಮೇಜಿನ ಹಿಂದೆ ವಾರಕ್ಕೆರಡು ದಿನ ನಾನೇ ಕೂರುತ್ತೇನೆ, ಸಂಬಳ ಬೇಡ. ಕುರ್ಚಿ ಇಲ್ಲ ಅಂದರೆ ಅದನ್ನೂ ಮನೆಯಿಂದ ತರುತ್ತೇನೆ.

ಇಂತಿ,
ಒಬ್ಬ ನಿವೃತ್ತ ನರ್ಸಿಂಗ್ ಶಿಕ್ಷಕಿ
ರಾಬರ್ಟ್‌ಸನ್‌ಪೇಟೆ, ಕೆ.ಜಿ.ಎಫ್.